ಮೀನು ಮೊದಲು, ಗಂಜಿ ಆಮೇಲೆ

೧೯೬೮, ಸೆಪ್ಟೆಂಬರ್ ತಿಂಗಳ ಎರಡನೆಯ ಭಾನುವಾರ, ಬೆಳಗ್ಗೆ ಏಳು ಗಂಟೆ. ಬಿಜೈಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಹಾಜರಿದ್ದವರು ನಾನು, ನನ್ನ ಹೆಂಡತಿ ಸುಂದರಿ, ಮಗಳು ವಾರಿಜಾ. ಹಾಜರಿ ತೆಗೆಯುವುದು ನನಗೆ ಅಂಟಿಕೊಂಡ ಚಟ. ಬದುಕಿನ ಬಹುಭಾಗ ಶಾಲೆಯ ಡ್ರಿಲ್ ಮಾಸ್ತರನಾಗಿದ್ದವನು ನಾನು. ನಿವೃತ್ತಿಯಾದ ಮೇಲೆ ಸಾಲಾಗಿ ನಿಲ್ಲಿಸುವುದಕ್ಕೆ ಮಕ್ಕಳು ಸಿಗುವುದಿಲ್ಲ, ಹಾಗಾಗಿ ಪಾತ್ರೆಗಳನ್ನು ನಿಲ್ಲಿಸುತ್ತೇನೆ. ತಿಂಗಳ ಎರಡನೆಯ ಭಾನುವಾರ ಕಪಾಟು ತೆಗೆದು, ಎಲ್ಲವನ್ನೂ ಹೊರಗಿಟ್ಟು, ಒರೆಸಿ, ಎತ್ತರದವು ಹಿಂದೆ ಗಿಡ್ಡದವು ಮುಂದೆ ಎಂದು ಮತ್ತೆ ಇಡುವುದು ನಮ್ಮ ಮನೆಯ ಕ್ರಮ. ವರ್ಷದಲ್ಲಿ ಒಮ್ಮೆಯೂ ಬಳಕೆಯಾಗದ ಪಾತ್ರೆ ಕಪಾಟಿನಿಂದ ಹೊರಗೆ ಹೋಗಬೇಕೆಂಬುದು ಇನ್ನೊಂದು ಕ್ರಮ. ಇವೆರಡನ್ನೂ ಮಾಡಿದವನು ನಾನೇ. ಸುಂದರಿ ಇವುಗಳಿಗೆ ಎಂದೂ ಒಪ್ಪಿಗೆ ಕೊಟ್ಟವಳಲ್ಲ.

ಈ ಸಲ ಮೇಲಿನ ಹಲಗೆಯ ಮೂಲೆಯಲ್ಲಿ, ಚಹಾದ ಕೆಟಲಿನ ಹಿಂದೆ, ಒಂದು ಪುಟ್ಟ ಪಿಂಗಾಣಿ ಬಟ್ಟಲು ಅಡಗಿ ಕುಳಿತಿತ್ತು. ಇಷ್ಟು ದಿನ ಇದನ್ನು ನನ್ನ ಕಣ್ಣಿಗೆ ಬೀಳದ ಹಾಗೆ ಸುಂದರಿಯೇ ಬೇರೆಡೆ ಇಟ್ಟಿದ್ದಿರಬೇಕು. ಅಂಚಿಗೆ ನೀಲಿ ಗೆರೆ, ಒಂದು ಕಡೆ ಸಣ್ಣ ಚೂರು ಹಾರಿಹೋಗಿದೆ. ಅಂಗೈಯಲ್ಲಿ ಇಟ್ಟರೆ ಅಂಗೈಯೊಳಗೇ ಕೂರುವಷ್ಟು ಅದರ ಗಾತ್ರ.

"ಇದು ಯಾರದ್ದಪ್ಪಾ? ನಾನು ಆಡ್ತಿದ್ದದ್ದಾ?" ಎಂದು ವಾರಿಜಾ ಕೇಳಿದಳು.

"ನಿನ್ನ ಮಾವಂದು. ನೀನು ತೊಟ್ಟಿಲಲ್ಲಿ ಇದ್ದಾಗ ಅವರು ಇದರಲ್ಲೇ ಉಣ್ತಿದ್ದದ್ದು" ಎಂದಳು ಸುಂದರಿ.

ಮಗಳು ನಂಬಲಿಲ್ಲ. ಅವಳು ಕಂಡ ಮಾವ, ಎಂದರೆ ನನ್ನ ಅಕ್ಕನ ಗಂಡ, ಬಾಗಿಲಿಗೆ ಬಂದು ನಿಂತರೆ ಚಾವಡಿಗೆ ಬೆಳಕು ಕಡಿಮೆಯಾಗುವಂಥ ಆಳು. ಈಗ ದಪ್ಪವಿಲ್ಲ, ಆದರೆ ಎಲುಬಿನ ಅಗಲ ಎಲ್ಲಿಗೂ ಹೋಗುವುದಿಲ್ಲವಲ್ಲ. ಇವತ್ತು ಮಧ್ಯಾಹ್ನದ ಊಟಕ್ಕೆ ಅಕ್ಕ, ಬಾವ ಇಬ್ಬರೂ ಉಳ್ಳಾಲದಿಂದ ಬರುವವರಿದ್ದಾರೆ. ನಾನು ಬಟ್ಟಲನ್ನು ಹೊರಗೆ ಹೋಗುವ ಪಾತ್ರೆಗಳ ಗುಂಪಿಗೆ ಸೇರಿಸಬೇಕಾಗಿತ್ತು. ಕೈ ಮುಂದೆ ಹೋಗಲಿಲ್ಲ. ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಕುಳಿತುಬಿಟ್ಟೆ.

ನಮ್ಮ ಮನೆಗೆ ಹೊಸಬರು ಊಟಕ್ಕೆ ಬಂದರೆ ಸ್ವಲ್ಪ ತಬ್ಬಿಬ್ಬಾಗುತ್ತಾರೆ. ಇಲ್ಲಿ ಮೊದಲು ಬಡಿಸುವುದು ಮೀನು. ಅದು ಮುಗಿದ ಮೇಲೆ ಗಂಜಿ ಅಥವಾ ಅನ್ನ. ಮಗಳ ಗೆಳತಿಯೊಬ್ಬಳು ಹೋಗಿ ತನ್ನ ಮನೆಯಲ್ಲಿ, "ಅವರ ಮನೆಯಲ್ಲಿ ಊಟ ಹಿಂದುಮುಂದು ಉಂಟು" ಎಂದು ಹೇಳಿದ್ದಳಂತೆ. ಅವಳು ಹೇಳಿದ್ದು ಸರಿ. ನಾವು ಹುಟ್ಟಿ ಬೆಳೆದ ಕ್ರಮಕ್ಕೆ ಇದು ಪೂರ್ತಿ ತಲೆಕೆಳಗು.

ಉಳ್ಳಾಲದ ಕಡಲದಂಡೆಯಲ್ಲಿ ನಾನೂ ಅಕ್ಕನೂ ಚಿಕ್ಕವರಾಗಿದ್ದಾಗ ಅಮ್ಮ ಬಟ್ಟಲಿಗೆ ಕುಚ್ಚಲಕ್ಕಿಯ ಗಂಜಿ ಸುರಿದು, ಪಕ್ಕದಲ್ಲಿ ಒಂದು ತುಂಡು ಮೀನು ಇಡುತ್ತಿದ್ದಳು. ಕಡಲಿನ ಮೀನು ಹಿಡಿಯುವವರ ಮನೆಯಲ್ಲಿ ಒಂದೇ ತುಂಡೇ ಎಂದು ಕೇಳಬೇಡಿ. ಒಳ್ಳೆಯ ಮೀನೆಲ್ಲ ಪೇಟೆಗೆ ಹೋಗುತ್ತಿತ್ತು, ನಮ್ಮ ಪಾಲಿಗೆ ಬರುತ್ತಿದ್ದದ್ದು ತಲೆ, ಬಾಲ, ಮತ್ತು ಪೇಟೆಯವರಿಗೆ ಬೇಡವಾದ ಸಣ್ಣ ಜಾತಿ. ಆ ತುಂಡನ್ನು ಮೊದಲು ತಿನ್ನುವ ಹಾಗಿರಲಿಲ್ಲ. ಅದನ್ನು ನೋಡಿಕೊಂಡು ಗಂಜಿ ಕುಡಿಯಬೇಕು, ಬೆರಳಿಗೆ ಅದರ ಮಸಾಲೆ ಮುಟ್ಟಿಸಿಕೊಂಡು ಮತ್ತಷ್ಟು ಕುಡಿಯಬೇಕು. ಹೊಟ್ಟೆ ತುಂಬಿದ ಮೇಲೆ ಮೀನು, ಅದು ಬಹುಮಾನದ ಹಾಗೆ. ನನ್ನ ತುಂಡನ್ನು ಒಮ್ಮೆ ಬೆಕ್ಕು ಹೊತ್ತುಕೊಂಡು ಹೋದಾಗ ನಾನು ಅಳುವುದಕ್ಕೆ ಶುರುಮಾಡಿದೆ. ಅಮ್ಮ, "ಅಳ್ಬೇಡ, ಗಂಜಿ ಮುಗಿದಿತ್ತಲ್ಲ, ಅದರ ಕೆಲಸ ಆಯ್ತಲ್ಲ" ಎಂದಿದ್ದಳು. ಮೀನಿನ ಕೆಲಸ ಗಂಜಿಯನ್ನು ಒಳಗೆ ಇಳಿಸುವುದು, ಅಷ್ಟೇ. ಹೊಟ್ಟೆ ತುಂಬಿಸುವುದು ಗಂಜಿಯ ಕೆಲಸ. ಈ ಪಾಠವನ್ನು ನಮ್ಮ ಕೇರಿಯಲ್ಲಿ ಕಲಿಯದವರಿಲ್ಲ. ಬಾವನೂ ಅದೇ ಕೇರಿಯಲ್ಲಿ ಬೆಳೆದವರು.

ಬಾವ ರಂಪಣಿಯ ತಂಡೇಲರು. ರಂಪಣಿ ಎಂದರೆ ನಮ್ಮ ಕಡೆಯ ದೊಡ್ಡ ಬಲೆ. ದೋಣಿಯಲ್ಲಿ ಒಯ್ದು ಮೀನಿನ ಹಿಂಡನ್ನು ಬಳಸಿ ಹಾಕಿ, ಎರಡು ತುದಿಗಳನ್ನು ದಡದಲ್ಲಿ ನಿಂತು ಊರಿನ ಗಂಡಸರೆಲ್ಲ ಎಳೆಯಬೇಕು. ಎರಡೂ ಕಡೆ ಒಂದೇ ಲಯದಲ್ಲಿ ಎಳೆದರೆ ಮೀನು ದಡಕ್ಕೆ, ಒಂದು ಕಡೆ ಮುಂದಾದರೆ ಮೀನು ಕಡಲಿಗೆ. ಆ ಲಯವನ್ನು ಕೂಗಿ ಹೇಳುವ ಮುಖ್ಯಸ್ಥನೇ ತಂಡೇಲ. ಬಾವನ ಕೂಗು ತೆರೆಯ ಸದ್ದನ್ನು ದಾಟಿ ಆಚೆ ತುದಿಯವರಿಗೆ ಮುಟ್ಟುತ್ತಿತ್ತು. ನಾನು ಮೈದಾನದಲ್ಲಿ ಇಡೀ ಶಾಲೆಯನ್ನು ವಿಸಿಲಿನಿಂದ ತಿರುಗಿಸುವವನು. "ನಿಮಗೆ ಪೀಪಿ ಬೇಕು ಮಾಸ್ಟ್ರೆ, ನನಗೆ ದೇವರು ಕೊಟ್ಟ ಗಂಟಲು ಉಂಟು" ಎಂದು ಅವರು ನನ್ನನ್ನು ಕೆಣಕದ ದಿನವಿರಲಿಲ್ಲ.

ಅಂಥವರಿಗೆ ಹೊಟ್ಟೆಹುಣ್ಣು. ವರ್ಷಗಟ್ಟಲೆ ಸೋಡಾಪುಡಿ ತಿಂದು ನೋವನ್ನು ಮಲಗಿಸಿದ್ದರು. ವಾರಿಜಾ ಹುಟ್ಟಿದ ವರ್ಷ, ಆಟಿ ತಿಂಗಳ, ಎಂದರೆ ಆಷಾಢದ, ಮಳೆಯಲ್ಲಿ, ರಕ್ತ ಕಾರಿ ಬಿದ್ದರು. ಪೇಟೆಯ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಮುಗಿದ ಮೇಲೆ ಡಾಕ್ಟರರು ನನ್ನನ್ನೂ ಅಕ್ಕನನ್ನೂ ಕರೆದು, ತಮ್ಮ ಮುಷ್ಟಿ ಬಿಗಿದು ತೋರಿಸಿದರು.

"ಹೊಟ್ಟೆಯ ಹೆಚ್ಚಿನ ಭಾಗ ತೆಗೆದಿದ್ದೇವೆ. ಉಳಿದದ್ದು ಇಷ್ಟೇ. ಇನ್ನು ಇವರಿಗೆ ಮೊದಲಿನ ಹಾಗೆ ಉಣ್ಲಿಕ್ಕೆ ಆಗುದಿಲ್ಲ. ಸ್ವಲ್ಪ ಸ್ವಲ್ಪ, ಆಗಾಗ. ಮೊದಲು ಪ್ರೊಟೀನ್: ಮೊಟ್ಟೆ, ಮೀನು, ಬೇಳೆ. ಅದು ಹೋಗದಿದ್ರೆ ಗಾಯ ಕೂಡುದಿಲ್ಲ, ಮೈಯಲ್ಲಿ ಶಕ್ತಿ ನಿಲ್ಲುದಿಲ್ಲ. ಗಂಜಿ, ನೀರು ಎಲ್ಲ ಆಮೇಲೆ. ಈ ಮುಷ್ಟಿಯೊಳಗೆ ನೀರು ತುಂಬಿಸಿದ್ರೆ ಬೇರೆ ಎಂತದಕ್ಕೂ ಜಾಗ ಇಲ್ಲ."

ಪ್ರೊಟೀನ್ ಎಂದರೆ ನಾನು ಶಾಲೆಯ ಆರೋಗ್ಯ ಪಾಠದಲ್ಲಿ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದ ಸಸಾರಜನಕ. ಅಕ್ಕನಿಗೆ ಅದನ್ನು ಬಿಡಿಸಿ ಹೇಳಿದೆ. ಅಕ್ಕ ಆಯಿತೆಂದು ತಲೆ ಆಡಿಸಿದಳು. ನನ್ನ ಶಾಲೆಯ ಮಕ್ಕಳೂ ಪಾಠ ತಲೆಗೆ ಹೋಗದಿದ್ದರೂ ಹಾಗೆಯೇ ತಲೆ ಆಡಿಸುತ್ತಿದ್ದರು ಎಂಬುದು ನನಗೆ ಆಗ ನೆನಪಾಗಬೇಕಿತ್ತು.

ಹಾಸಿಗೆಯಲ್ಲಿ ಮಲಗಿದ್ದ ಬಾವ ಒಂದೇ ಮಾತು ಕೇಳಿದರು: "ಕಡಲು ತೆರೆಯುವಾಗ ನಾನು ದಂಡೆಯಲ್ಲಿ ನಿಲ್ಬಹುದಾ?"

"ತಿಂದರೆ ನಿಲ್ತೀರಿ" ಎಂದರು ಡಾಕ್ಟರರು.

ಮಳೆಗಾಲ ಮುಗಿದು ಮೊದಲ ಬಲೆ ಬೀಳುವ ದಿನ ತಂಡೇಲ ದಂಡೆಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಆ ಜಾಗ ಅಳಿಯನಿಗೆ, ಎಂದರೆ ಸೋದರಿಯ ಮಗನಿಗೆ, ಹೋಗುತ್ತದೆ. ಬಾವನ ಅಳಿಯ ಒಳ್ಳೆಯ ಹುಡುಗ, ಕೆಟ್ಟ ಆಸೆಯವನಲ್ಲ. ಆದರೆ ಒಮ್ಮೆ ಬಿಟ್ಟುಕೊಟ್ಟ ಜಾಗದಲ್ಲಿ ಮತ್ತೆ ನಿಲ್ಲುವ ಕ್ರಮ ನಮ್ಮಲ್ಲಿಲ್ಲ. ದಂಡೆಯ ಮೇಲೆ ಕೆಲಸವಿಲ್ಲದೆ ಕುಳಿತ ಬಾವನನ್ನು ನೆನೆಸಿಕೊಳ್ಳುವುದು ನನ್ನಿಂದಾಗಲಿಲ್ಲ.

ಆಸ್ಪತ್ರೆ ಹತ್ತಿರವೆಂದು ಬಾವನನ್ನು ನಮ್ಮ ಮನೆಗೇ ತಂದೆವು. ಅಕ್ಕ ಮೊದಲೇ ನಮ್ಮಲ್ಲಿದ್ದಳು. ಸುಂದರಿಗೆ ತಾಯಿ ಇಲ್ಲ, ಮದುವೆಯಾಗಿ ಬಹಳ ವರ್ಷಗಳ ಮೇಲೆ ಹುಟ್ಟಿದ ಮಗು, ಹಾಗಾಗಿ ಬಾಣಂತನಕ್ಕೆ ಅಕ್ಕನೇ ಬಂದಿದ್ದಳು. ಒಳಕೋಣೆಯಲ್ಲಿ ಬಾಣಂತಿ, ಚಾವಡಿಯ ಪಕ್ಕದ ಕೋಣೆಯಲ್ಲಿ ರೋಗಿ, ನಡುವೆ ಅಡುಗೆಕೋಣೆಯಲ್ಲಿ ಅಕ್ಕ. ನಾನು ಕ್ರಮವನ್ನು ಕೈಗೆತ್ತಿಕೊಂಡೆ. ಬೆಳಗಿನಿಂದ ಸಂಜೆಯವರೆಗೆ ಗಂಟೆ ನೋಡಿ ವಿಸಿಲ್ ಊದುವುದು, ಊದಿದ ಕೂಡಲೇ ಬಾವನಿಗೆ ಸ್ವಲ್ಪ ಮೊಟ್ಟೆ ಅಥವಾ ಬೇಳೆ ಅಥವಾ ಹಾಲು. ಮೀನಿನ ಮಾತೆತ್ತಿದಾಗ ಅಕ್ಕ, "ನೋಡುವ" ಎಂದಳು. ನಾನು ಶಾಲೆಗೆ ಹೋದಾಗ ಊದಲು ನನ್ನದೊಂದು ಹಳೆಯ ವಿಸಿಲ್ ಸುಂದರಿಯ ವಶ. ಅವಳು ಮಲಗಿದಲ್ಲಿಂದಲೇ ಊದುತ್ತಿದ್ದಳು. ಊದಿದಾಗಲೆಲ್ಲ ಮಗು ಬೆಚ್ಚಿ ಅಳುತ್ತಿತ್ತು, ಪಕ್ಕದ ಮನೆಯ ನಾಯಿ ಬೊಗಳುತ್ತಿತ್ತು, ಬಾವ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ವಾರಿಜಾ ಈಗಲೂ ಶಾಲೆಯ ಗಂಟೆಗೆ ಎಲ್ಲರಿಗಿಂತ ಮೊದಲು ಎದ್ದು ನಿಲ್ಲುತ್ತಾಳೆಂದು ಅವಳ ಟೀಚರು ಹೇಳಿದ್ದಾರೆ. ಇದಕ್ಕೆ ನಾನು ಹೊಣೆಯೇ ಎಂದು ಸುಂದರಿಯನ್ನು ಕೇಳಿದರೆ, ಅಲ್ಲ ಎಂದು ಅವಳು ಹೇಳುವುದಿಲ್ಲ.

ಕ್ರಮ ಸರಿಯಿತ್ತು, ಫಲ ಕಾಣಲಿಲ್ಲ. ಬಾವ ಎರಡು ಚಮಚ ಮೊಟ್ಟೆ ನುಂಗಿ, "ಸಾಕು ಮಾಸ್ಟ್ರೆ, ಗಂಟಲವರೆಗೆ ತುಂಬಿದೆ" ಎನ್ನುತ್ತಿದ್ದರು. ಬೆವರಿ ಒದ್ದೆಯಾಗುತ್ತಿದ್ದರು. ಅವರ ದೊಡ್ಡ ಮೈ ದಿನದಿಂದ ದಿನಕ್ಕೆ ಕರಗಿತು. ತೋಳಿನ ಚರ್ಮ ಒಣಗಲು ಹಾಕಿದ ಬಲೆಯ ಹಾಗೆ ಜೋತಿತು, ಪಾದ ಊದಿಕೊಂಡಿತು, ತಲೆದಿಂಬಿನಲ್ಲಿ ಕೂದಲು. ತೋರಿಸಲು ಕರೆದುಕೊಂಡು ಹೋದಾಗ ಡಾಕ್ಟರರ ಹುಬ್ಬು ಗಂಟಾಯಿತು.

"ಇವರು ತಿನ್ನುದು ಎಂತ?"

ನಾನು ಹೊತ್ತಿಗೆ ಹೊತ್ತಿಗೆ ಕೊಡುವುದನ್ನೆಲ್ಲ ಪಟಪಟನೆ ಒಪ್ಪಿಸಿದೆ.

"ಅದು ನೀವು ಕೊಡುದು. ನಾನು ಕೇಳಿದ್ದು, ಇವರು ತಿನ್ನುದು ಎಂತ?"

ನಾನು ಅಕ್ಕನ ಕಡೆ ತಿರುಗಿದೆ. ಅಕ್ಕ ಕಿಟಕಿಯ ಹೊರಗೆ ಮಳೆ ನೋಡುತ್ತಿದ್ದಳು. ಹೀಗೆಯೇ ಹೋದರೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ, ಆಮೇಲೆ ತಮ್ಮ ಕೈಯಲ್ಲೂ ಹೆಚ್ಚೇನಿಲ್ಲ ಎಂದು ಡಾಕ್ಟರರು ಮೆತ್ತಗೆ ಹೇಳಿದರು.

ಆ ವಾರವೇ ಒಂದು ಮಧ್ಯಾಹ್ನ ಶಾಲೆಯ ಮೈದಾನ ಕೆರೆಯಾಗಿ, ಡ್ರಿಲ್ ನಡೆಯದೆ, ನಾನು ಬೇಗ ಮನೆಗೆ ಬಂದೆ. ಕೊಡೆಯನ್ನು ಜಗಲಿಯಲ್ಲಿ ಬಿಡಿಸಿಟ್ಟು ಒಳಗೆ ಇಣುಕಿದರೆ, ಅಕ್ಕ ಬಾವನ ತಲೆಯನ್ನು ತನ್ನ ತೋಳಿನ ಮೇಲೆ ಇಟ್ಟುಕೊಂಡು ದೊಡ್ಡ ಲೋಟದಿಂದ ಗಂಜಿ ತಿಳಿ ಕುಡಿಸುತ್ತಿದ್ದಳು. ಮೇಲೆ ತುಪ್ಪ ತೇಲುತ್ತಿತ್ತು. ಇನ್ನೇನು ವಿಸಿಲ್ ಆಗುವ ಹೊತ್ತು.

"ಇದೆಂತ ಅಕ್ಕ?"

ಅಕ್ಕ ಬೆಚ್ಚಲಿಲ್ಲ. ಲೋಟ ಖಾಲಿಯಾಗುವವರೆಗೆ ಕುಡಿಸಿ, ಅವರ ಮೀಸೆ ಒರೆಸಿ, ಆಮೇಲೆ ಎದ್ದಳು. "ತಿಳಿ. ಕಾಯಿಲೆಯವರಿಗೆ ಮತ್ತೆಂತ ಕೊಡುದು? ನಿನ್ನ ಪೀಪಿ ಊದಿದ್ರೆ ಹೊಟ್ಟೆ ತಂಪಾಗ್ತದಾ?"

"ಪ್ರತಿ ಸಲವೂ ಕೊಡ್ತಿದ್ದೀಯಾ?"

"ಕೊಡದೆ? ಬರೀ ಮೊಟ್ಟೆ ಉಷ್ಣ ಅಲ್ವಾ? ಮೊದಲು ತಿಳಿ ಹೋದ್ರೆ ಅದು ಸುಡುದಿಲ್ಲ."

"ಡಾಕ್ಟರ್ ಮುಷ್ಟಿ ತೋರಿಸಿದ್ದು ನೋಡಿದ್ದಿ ಅಲ್ವಾ? ಅದರಲ್ಲಿ ನೀನು ಲೋಟ ಲೋಟ ನೀರು ತುಂಬಿಸಿದ್ರೆ ಮೊಟ್ಟೆ ಎಲ್ಲಿಗೆ ಹೋಗ್ಬೇಕು? ಮೀನು ಕೊಡು ಅಂದ್ರೆ ಅದೂ ಇಲ್ಲ!"

"ಮೀನಾ?" ಅಕ್ಕನ ಸ್ವರ ಏರಿತು. "ಹೊಲಿಗೆ ಹಾಕಿದ ಹೊಟ್ಟೆಗೆ ಮೀನಾ? ನಂಜು ಏರಿ ಗಾಯ ಕೊಳೆತ್ರೆ ನಿನ್ನ ಡಾಕ್ಟರ್ ಬಂದು ನನ್ನ ಮನೆಯಲ್ಲಿ ಕೂತು ಅಳ್ತಾನಾ? ಗಾಯ ಇದ್ದವರಿಗೆ ಮೀನು ಕೊಡಬಾರ್ದು ಅಂತ ನಮ್ಮ ಕೇರಿಯ ಬೆಕ್ಕಿಗೂ ಗೊತ್ತುಂಟು!"

ಅವಳ ಕಣ್ಣಿನಲ್ಲಿ ನೀರಿತ್ತು. ಕೈಬೆರಳಿಗೆ ಮುಳ್ಳು ಚುಚ್ಚಿ ಗಾಯವಾದರೂ ವಾರಗಟ್ಟಲೆ ಮೀನು ಮುಟ್ಟದ ಮನೆತನ ನಮ್ಮದು. ಅವಳ ಮೊಂಡುತನದ ಹಿಂದೆ ಇದ್ದದ್ದು ಬರೀ ಹೆದರಿಕೆ. ನಾನು ಸಸಾರಜನಕದ ಪಾಠಕ್ಕೆ ಬಾಯಿ ತೆರೆಯುವಷ್ಟರಲ್ಲಿ ಒಳಕೋಣೆಯಿಂದ ಸುಂದರಿಯ ಸ್ವರ ಬಂತು.

"ಅತ್ತಿಗೇ, ಒಂದು ಮಾತು ಕೇಳ್ತೇನೆ. ನನ್ನದೂ ಹಸಿ ಮೈಯೇ ಅಲ್ವಾ? ನನಗೆ ನೀವು ದಿನಾ ತಾಟೆ ತಿನ್ನಿಸ್ತೀರಿ. ನನಗೆ ನಂಜು ಆಗುದಿಲ್ವಾ?"

ತಾಟೆ ನಮ್ಮ ಕಡಲಿನ ಸಣ್ಣ ಶಾರ್ಕು. ನಮ್ಮಲ್ಲಿ ಬಾಣಂತಿಗೆ ಅದೇ ಮದ್ದು, ಅದೇ ಊಟ. ಮಳೆಗಾಲಕ್ಕೆಂದು ಒಣಗಿಸಿ ಇಟ್ಟದ್ದನ್ನು ನೆನೆಸಿ, ಬೆಳ್ಳುಳ್ಳಿ, ಕರಿಮೆಣಸು ಹಾಕಿ ಅಕ್ಕ ದಿನವೂ ಬೇಯಿಸುತ್ತಿದ್ದಳು.

"ಅದು ಬಾಣಂತಿಗೆ, ಮಾರಾಯ್ತಿ! ಬಾಣಂತಿಗೆ ತಾಟೆ ನಂಜಲ್ಲ."

"ಹಾಗಾದ್ರೆ ನಿಮ್ಮವರನ್ನೂ ಬಾಣಂತಿ ಅಂತ ಎಣಿಸಿಬಿಡಿ. ಅವರ ಹೊಟ್ಟೆಯಿಂದಲೂ ಎಂತದೋ ಹೊರಗೆ ಬಂದಿದೆಯಲ್ಲ!"

ಮೊದಲು ನಕ್ಕವರು ಬಾವ. ನಗುವಾಗ ಹೊಲಿಗೆ ಎಳೆದು, ಹೊಟ್ಟೆ ಹಿಡಿದುಕೊಂಡು, "ನಗಿಸ್ಬೇಡಿ, ಸಾಯ್ತೇನೆ... ಈ ಮೀಸೆಗೆ ಎಂತ ಮಾಡುದು?" ಎಂದರು. ಆಪರೇಶನ್ ಆದ ಮೇಲೆ ಅವರು ನಕ್ಕಿದ್ದು ಅದೇ ಮೊದಲು. ಅಕ್ಕ ನಗಲಿಲ್ಲ. ಲೋಟ ಹಿಡಿದುಕೊಂಡು ನಿಂತೇ ಇದ್ದಳು. ಯೋಚಿಸುತ್ತಿದ್ದಳು.

ಅಕ್ಕನಿಗೆ ಒಂದು ಕ್ರಮ ಒಪ್ಪಿಗೆಯಾದರೆ ಅದು ಅರ್ಧ ಒಪ್ಪಿಗೆಯಾಗುವುದಿಲ್ಲ. ಇದರಲ್ಲಿ ನಾವು ಒಂದೇ ತಾಯಿಯ ಮಕ್ಕಳು. ಆ ಸಂಜೆಯಿಂದ ಬಾವ ಪೂರ್ತಿ ಬಾಣಂತಿಯಾದರು. ನೆನೆಸಿ ಉಪ್ಪು ತೆಗೆದ ತಾಟೆ, ಡಾಕ್ಟರರನ್ನು ಕೇಳಿ ಮೆಣಸು ಕಡಿಮೆ ಮಾಡಿ, ಮೆತ್ತಗೆ ಬೇಯಿಸಿ, ಎಳೆ ಎಳೆಯಾಗಿ ಬಿಡಿಸಿ ಬಂತು. ಮೊಟ್ಟೆ ಬಂತು. ಗಾಳಿ ತಗಲಬಾರದೆಂದು ಕಿವಿ ಮುಚ್ಚುವ ಹಾಗೆ ತಲೆಗೆ ಬಟ್ಟೆಯೂ ಬಂತು. ಬಾವ ಮೊದಲ ದಿನ ಅದನ್ನು ಕಿತ್ತೆಸೆದರು, ಎರಡನೆಯ ದಿನ ಗೊಣಗಿದರು, ಆಮೇಲೆ ಸುಮ್ಮನಾದರು. ಎಲ್ಲಕ್ಕಿಂತ ಮುಖ್ಯವಾದ ಮಾತು ಬೇರೆ. ನಮ್ಮ ಕಡೆ ಬಾಣಂತಿಗೆ ಊಟದ ಜೊತೆ ಕಂಡಾಪಟ್ಟೆ ನೀರು ಕೊಡುವ ಕ್ರಮವಿಲ್ಲ. ಸುಂದರಿ ಅದಕ್ಕಾಗಿ ದಿನವೂ ಅಕ್ಕನನ್ನು ಬೈಯುತ್ತಿದ್ದಳು. ಆದರೆ ಬಾವನಿಗೆ ಡಾಕ್ಟರರು ಹೇಳಿದ್ದೂ ಅದನ್ನೇ. ನಾನು ಮುಷ್ಟಿ ತೋರಿಸಿ ನಿಲ್ಲಿಸಲಾರದ ತಿಳಿಯ ಲೋಟವನ್ನು ಅಕ್ಕ ತಾನಾಗಿ ನಿಲ್ಲಿಸಿದಳು. ನೀರು ಆಮೇಲೆ, ನಡುವೆ, ಗುಟುಕು ಗುಟುಕಾಗಿ.

ಬಾವ ಬಾಣಂತಿಯಾದ ಸುದ್ದಿ ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಂದರಿನಲ್ಲಿ ಒಣಮೀನಿನ ಅಂಗಡಿಯ ಮೋನಬ್ಬ ಸಾಹೇಬರು ಬಾವನ ಹಳೆಯ ಗೆಳೆಯರು. ಒಂದು ದಿನ ಮನೆಯ ಕೋಳಿಗಳ ಮೊಟ್ಟೆಯನ್ನು ಹುಲ್ಲಿನಲ್ಲಿ ಸುತ್ತಿ ಬುಟ್ಟಿಯಲ್ಲಿ ಹಿಡಿದುಕೊಂಡು ಬಂದರು. ಬಾಗಿಲಲ್ಲೇ ನಿಂತು, ತಲೆಗೆ ಬಟ್ಟೆ ಕಟ್ಟಿ ಕುಳಿತ ಬಾವನನ್ನು ಮೇಲಿನಿಂದ ಕೆಳಗೆ ನೋಡಿದರು.

"ಎಂತ ತಂಡೇಲರೇ, ಹೆಣ್ಣಾ ಗಂಡಾ?"

"ಹೊರಗೆ ಹೋಗು ಮಾರಾಯ. ಎದ್ದು ಬಂದೆ ಅಂದ್ರೆ..."

"ಏಳಿ ನೋಡುವ. ನೀವು ಎದ್ದು ಬಂದು ನನಗೆ ಎರಡು ಬಾರಿಸಿದ್ರೆ ನಮ್ಮ ಮಸೀದಿಯಲ್ಲಿ ಸಿಹಿ ಶೀರಣಿ ಹಂಚ್ತೇನೆ."

ಬಾವ ಎದ್ದರು. ಗೋಡೆ ಹಿಡಿದು ಬಾಗಿಲವರೆಗೆ ಬಂದು ಮೋನಬ್ಬರ ಹೆಗಲಿಗೆ ಮೆಲ್ಲನೆ ಒಂದು ಏಟು ಕೊಟ್ಟರು. ಮೋನಬ್ಬರು ಬುಟ್ಟಿಯನ್ನು ಅಕ್ಕನ ಕೈಗೆ ಕೊಟ್ಟು, ಕಣ್ಣು ಒರೆಸಿಕೊಂಡು, "ಇದು ಏಟಾ? ಇನ್ನೂ ಮೊಟ್ಟೆ ಬೇಕು ಅಕ್ಕಾ, ಇನ್ನೂ ಬೇಕು. ನಾಳೆಯೂ ತರ್ತೇನೆ" ಎಂದರು.

ಬಟ್ಟಲಿನ ಕತೆ ಇನ್ನೂ ಬಂದಿಲ್ಲ, ಗೊತ್ತು. ಮೈದಾನದಲ್ಲಿ ನೇರ ನಡೆಸಿದವನಿಗೆ ಬರೆಯುವಾಗ ಕಾಲು ಆಚೀಚೆ ಹೋಗುತ್ತದೆ.

ನಂಜಿನ ಭಯ ಹೋಯಿತು, ತಿಳಿ ನಿಂತಿತು, ಮೀನು ತಟ್ಟೆಗೆ ಬಂತು. ಆದರೂ ತಟ್ಟೆ ಹೊರಗೆ ಬರುವಾಗ ಅದರಲ್ಲಿ ಮೀನು ಹಾಗೆಯೇ ಉಳಿದಿರುತ್ತಿತ್ತು. ಅಕ್ಕ ನನ್ನನ್ನು ಸಂಶಯದಿಂದ ನೋಡಿದಳು, ನಾನು ಅವಳನ್ನು. ಕೊನೆಗೆ ನಾನು ಬಾವನ ಎದುರು ಚಕ್ಕಂಬಕ್ಕಳ ಹಾಕಿ ಕುಳಿತು ಅವರು ಉಣ್ಣುವುದನ್ನು ನೋಡಿದೆ. ಅವರು ಮೀನನ್ನು ಜೋಪಾನವಾಗಿ ತಟ್ಟೆಯ ಅಂಚಿಗೆ ಸರಿಸಿದರು. ಬೆರಳಿಗೆ ಅದರ ರಸ ಮುಟ್ಟಿಸಿದರು. ಮೆತ್ತಗಿನ ಗಂಜಿಯನ್ನು ಒಂದೊಂದೇ ತುತ್ತು ತಿಂದರು. ಮುಷ್ಟಿ ತುಂಬಿತು. ಮೀನನ್ನು ಆಸೆಯಿಂದ ನೋಡಿ, "ಇನ್ನು ಆಗುದಿಲ್ಲ ಮಾಸ್ಟ್ರೆ" ಎಂದು ಕೈ ತೊಳೆದರು.

ನನಗೆ ನಮ್ಮ ಅಮ್ಮ ನೆನಪಾದಳು. ಒಬ್ಬ ದೊಡ್ಡ ಮನುಷ್ಯ, ಊರಿಗೆಲ್ಲ ಮೀನು ಹಂಚುವ ತಂಡೇಲ, ಇನ್ನೂ ತನ್ನ ತುಂಡನ್ನು ಕೊನೆಗೆಂದು ಉಳಿಸುತ್ತಿದ್ದ.

"ಬಾವ, ಮೀನು ಮೊದಲು ತಿಂದ್ರೆ ಎಂತ?"

"ಮೊದಲೇ ತಿಂದ್ರೆ ಗಂಜಿ ಹೇಗೆ ಇಳಿಯುದು?" ಎಂದರು ಅವರು, ನಿಜವಾದ ಆಶ್ಚರ್ಯದಿಂದ.

ಮರುದಿನ ಪೇಟೆಯಿಂದ ಈ ಪಿಂಗಾಣಿ ಬಟ್ಟಲು ತಂದೆ. ಅದರಲ್ಲಿ ಮೀನು ಅಥವಾ ಮೊಟ್ಟೆ ಮಾತ್ರ. ಅದು ಖಾಲಿಯಾಗುವವರೆಗೆ ಗಂಜಿಯ ತಟ್ಟೆ ಕೋಣೆಯೊಳಗೆ ಬರಬಾರದು. ಕಣ್ಣಿಗೆ ಗಂಜಿಯೇ ಕಾಣದಿದ್ದರೆ ಯಾವುದಕ್ಕಾಗಿ ಮೀನು ಉಳಿಸುವುದು? ಬಾವನೊಬ್ಬರೇ ಹಾಗೆ ಉಣ್ಣುವುದು ಅವರಿಗೆ ಶಿಕ್ಷೆಯಂತೆ ತೋರಬಾರದೆಂದು ಮನೆಯಲ್ಲಿ ಎಲ್ಲರೂ ಮೀನು ಮೊದಲು ತಿನ್ನತೊಡಗಿದೆವು. ಮೊದಲ ದಿನ ಸುಂದರಿಯೂ ನಾನೂ ಅಕ್ಕನೂ ಬರೀ ಮೀನು ತಿಂದು, ಏನೋ ಕದ್ದವರ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ನೆನಪಿದೆ. ಹೊಳೆಬಾಯಿಯಲ್ಲಿ ಸಿಗುವ ಕಾಣೆ ಮೀನು ಬರುವ ಹೊತ್ತಿಗೆ ಬಾವ ಬಟ್ಟಲನ್ನು ಪೂರ್ತಿ ಖಾಲಿ ಮಾಡುತ್ತಿದ್ದರು. ಅಂಚಿನ ಚೂರು ಹಾರಿದ್ದು ಆಗಲೇ, ಅವರು ಖುಷಿಯಲ್ಲಿ ಅದನ್ನು ನೆಲಕ್ಕೆ ಕುಕ್ಕಿ, "ಇನ್ನು ತಾ ನಿನ್ನ ಗಂಜಿ!" ಎಂದು ಅಕ್ಕನಿಗೆ ಕೂಗಿದಾಗ. ಪಾದದ ಊತ ಇಳಿಯಿತು. ಜಗಲಿಯಲ್ಲಿ, ಆಮೇಲೆ ರಸ್ತೆಯಲ್ಲಿ ನಡೆದರು. ತಲೆಯ ಬಟ್ಟೆಯನ್ನು ಅಕ್ಕನೇ ಬಿಚ್ಚಿದಳು.

ಕೂಗು ಮಾತ್ರ ಮೊದಲಿನಂತಾಗಲಿಲ್ಲ.

ಮೊದಲ ಬಲೆಯ ದಿನ ನಾನೂ ಉಳ್ಳಾಲಕ್ಕೆ ಹೋಗಿದ್ದೆ. ಮಳೆ ತೊಳೆದ ಆಕಾಶ, ತೆರೆಯ ಅಬ್ಬರ ಇನ್ನೂ ಪೂರ್ತಿ ಇಳಿದಿರಲಿಲ್ಲ. ದೋಣಿಗಳು ಬಲೆ ಹಾಕಿ ಬಂದವು. ಹಗ್ಗದ ಎರಡು ತುದಿಗಳಲ್ಲಿ ಊರೇ ನಿಂತಿತ್ತು. ಬಾವ ನಡುವೆ, ಸಡಿಲವಾದ ಅಂಗಿಯಲ್ಲಿ, ನೆಟ್ಟಗೆ ನಿಂತರು. ಅಷ್ಟಕ್ಕೇ ನನ್ನ ಎದೆ ತುಂಬಿತು. ಅವರು ಕೈ ಎತ್ತಿ ಕೂಗಿದರು. ಹತ್ತಿರದವರು ಎಳೆದರು. ದೂರದ ತುದಿಗೆ ಕೂಗು ಮುಟ್ಟಲಿಲ್ಲ. ಇನ್ನೊಮ್ಮೆ ಕೂಗಿದರು, ಸ್ವರ ಒಡೆಯಿತು. ಬಲೆ ಒಂದು ಕಡೆಗೆ ವಾಲಿತು. ಕೆಲವರ ಕಣ್ಣು ಅಳಿಯನ ಕಡೆ ಹೊರಳಿದ್ದನ್ನು ನಾನು ಕಂಡೆ. ಅಳಿಯ ತಲೆ ತಗ್ಗಿಸಿ ಹಗ್ಗವನ್ನೇ ನೋಡುತ್ತಿದ್ದ. ಬಾವನೂ ಕಂಡರು.

ನನ್ನ ಕೈ ಯೋಚಿಸದೆ ಕೊರಳಿಗೆ ಹೋಯಿತು. ವಿಸಿಲ್ ಅಲ್ಲಿ ಇದ್ದೇ ಇತ್ತು, ಅದಿಲ್ಲದೆ ನಾನು ಮನೆಯಿಂದ ಹೊರಡುತ್ತಿರಲಿಲ್ಲ. ದಾರ ಕಳಚಿ ಅವರ ಕಡೆ ಚಾಚಿದೆ. ಬಾವ ಅದನ್ನು ನೋಡಿದರು. ಆ ಮಳೆಗಾಲವಿಡೀ ಅವರು ದ್ವೇಷಿಸಿದ್ದ ವಸ್ತು ಅದು.

ತೆಗೆದುಕೊಂಡು ಊದಿದರು.

ಸದ್ದು ತೆರೆಯನ್ನು ಸೀಳಿಕೊಂಡು ಆಚೆ ತುದಿಗೆ ಹೋಯಿತು. ಎಲ್ಲರೂ ತಲೆ ಎತ್ತಿ ನೋಡಿದರು. ಆಮೇಲೆ ದೂರದ ಹಗ್ಗದಿಂದ ಮೋನಬ್ಬರ ಸ್ವರ ಕೇಳಿತು. ಎಳೆಯುವವರ ನಡುವೆ ಅವರೂ ಕಚ್ಚೆ ಕಟ್ಟಿ ಬಂದು ನಿಂತಿದ್ದರು.

"ಹೋ! ತಂಡೇಲರಿಗೆ ಮೊಟ್ಟೆಯ ಹೊತ್ತಾಯ್ತು! ಎಳೀರೋ!"

ದಂಡೆಯೇ ನಕ್ಕಿತು, ನಗುತ್ತಲೇ ಎಳೆಯಿತು. ಎರಡೂ ಕಡೆ ಒಂದೇ ಲಯ. ಬಾವ ಊದುತ್ತಾ ಕೈ ಬೀಸುತ್ತಾ ನಿಂತರು. ಅವರ ಕಾಲು ನಡುಗುತ್ತದೆಯೇ ಎಂದು ನಾನು ಕೊನೆಯವರೆಗೂ ನೋಡುತ್ತಿದ್ದೆ. ನಡುಗಲಿಲ್ಲ. ಬಲೆ ದಡಕ್ಕೆ ಬಂದಾಗ ಒಳಗೆ ಬಂಗುಡೆ ಮಿರಮಿರ ಮಿಂಚುತ್ತಿತ್ತು. ಬಾವ ಒಂದನ್ನು ಎತ್ತಿಕೊಂಡು ಅಕ್ಕನ ಹತ್ತಿರ ಬಂದರು.

"ಇದು ನಂಜಾ?"

ಅಕ್ಕ ಮೀನನ್ನು ನೋಡಿದಳು, ಗಂಡನನ್ನು ನೋಡಿದಳು. "ನಂಜೇ. ಬಂಗುಡೆ ಯಾವತ್ತೂ ನಂಜೇ" ಎಂದಳು. ಆಮೇಲೆ ಮೀನನ್ನು ಕೈಗೆ ತೆಗೆದುಕೊಂಡು, "ಒಂದು ಚೂರು ತಿನ್ನಿ, ನೋಡುವ" ಎಂದಳು.

ಆ ವಿಸಿಲ್ ನನಗೆ ಮರಳಿ ಬರಲಿಲ್ಲ. ಸೋಮವಾರ ಶಾಲೆಗೆ ಹೊಸದು ಕೊಂಡುಕೊಂಡು ಹೋದೆ. ಆ ವರ್ಷದಿಂದ ಈ ವರ್ಷದವರೆಗೆ ಉಳ್ಳಾಲದ ಆ ರಂಪಣಿಯನ್ನು ಎಳೆಯುವುದು ವಿಸಿಲಿನ ಸದ್ದಿಗೆ.

ಇಷ್ಟು ನೆನಪಾಗುವಷ್ಟರಲ್ಲಿ ಹೊತ್ತು ಏರಿತ್ತು. ಕಪಾಟು ಅರ್ಧ ಖಾಲಿ, ನೆಲದ ತುಂಬ ಪಾತ್ರೆ. "ನಿಮ್ಮ ಕ್ರಮ ಇವತ್ತು ಮಧ್ಯಾಹ್ನಕ್ಕಾದ್ರೂ ಮುಗಿಯಬಹುದಾ?" ಎಂದು ಸುಂದರಿ ಕೇಳಿದಳು. ಮುಗಿಯಲಿಲ್ಲ. ಅಕ್ಕ, ಬಾವ ಬಂದಾಗ ಪಾತ್ರೆಗಳನ್ನು ದಾಟಿಕೊಂಡೇ ಒಳಗೆ ಬಂದರು. ಬಾವನ ಕೊರಳಲ್ಲಿ ಕಪ್ಪು ದಾರ, ದಾರದಲ್ಲಿ ವಿಸಿಲ್. ವಾರಿಜಾ ಬಟ್ಟಲನ್ನು ಅವರ ಮುಖದ ಎದುರು ಹಿಡಿದಳು.

"ಮಾವಾ, ನೀವು ಇದರಲ್ಲಿ ಉಣ್ತಿದ್ದದ್ದು ಹೌದಾ?"

ಬಾವ ಅದನ್ನು ಕೈಗೆ ತೆಗೆದುಕೊಂಡು, ಹಾರಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. "ಇದರಲ್ಲೇ ಬಡಿಸಿ ಇವತ್ತು" ಎಂದರು.

ಸುಂದರಿ ಕಾಣೆ ಮೀನಿನ ತುಂಡು ಇಟ್ಟಳು. ಬಾವ ಮೆಲ್ಲಗೆ, ಮುಳ್ಳು ಬಿಡಿಸಿ, ಕೊನೆಯ ಎಳೆಯವರೆಗೆ ತಿಂದರು. ನಾವೆಲ್ಲ ನಮ್ಮ ಮೀನು ತಿಂದೆವು. ಗಂಜಿ ಇನ್ನೂ ಒಳಗೇ ಇತ್ತು. ಅಕ್ಕ ಏಳಲು ಹೊರಟಾಗ ಬಾವ ಬಟ್ಟಲನ್ನು ಮತ್ತೆ ಮುಂದೆ ಚಾಚಿದರು.

"ಗಂಜಿಯಾ?" ಎಂದು ಅಕ್ಕ ಕೇಳಿದಳು.

"ಅಲ್ಲ. ಇನ್ನೊಂದು ತುಂಡು ಮೀನು."

ಅಕ್ಕ ತನ್ನ ಮುಷ್ಟಿ ಬಿಗಿದು ಅವರಿಗೆ ತೋರಿಸಿದಳು. ಬಾವ ತಮ್ಮ ಮುಷ್ಟಿ ಬಿಗಿದು ಪಕ್ಕದಲ್ಲಿ ಹಿಡಿದರು. ಅವರದ್ದು ದೊಡ್ಡದು. ಅಕ್ಕ ನಕ್ಕು ಬಡಿಸಿದಳು.

ಅವರನ್ನು ಬಸ್ಸು ಹತ್ತಿಸಿ ಬಂದು ಉಳಿದ ಪಾತ್ರೆಗಳನ್ನು ಒಳಗೆ ಇಟ್ಟು ಮುಗಿಸುವಾಗ ಸಂಜೆಯಾಗಿತ್ತು. ಕೊನೆಗೆ ಉಳಿದದ್ದು ಬಟ್ಟಲು. ವರ್ಷದಲ್ಲಿ ಒಮ್ಮೆಯೂ ಬಳಕೆಯಾಗದ್ದು ಹೊರಗೆ ಹೋಗಬೇಕು, ಆದರೆ ಇದು ಇವತ್ತು ಬಳಕೆಯಾಗಿದೆ, ಅದೂ ಎರಡು ಸಲ. ತೊಳೆದು, ಒರೆಸಿ, ಗಿಡ್ಡದವರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಿಸಿ, ಕಪಾಟಿನ ಬಾಗಿಲು ಹಾಕಿದೆ.